ಪರದೇಶದ ವ್ಯಾಪಾರ ಮತ್ತು ಮಾಹಿತಿ ತಂತ್ರಜ್ಞಾನ: ಟಾರ್ಗೆಟ್ ಕಂಪನಿಯ ಕೆನಡಾ ಪ್ರಸಂಗ

ಕಂಪನಿಯೊಂದು ಪರದೇಶಕ್ಕೆ ಕಾಲಿಟ್ಟಾಗ ಅದರ ವ್ಯಾಪಾರ ಕಾರ್ಯತಂತ್ರಕ್ಕೂ ಮಾಹಿತಿ ತಂತ್ರಜ್ಞಾನದ ಕಾರ್ಯತಂತ್ರಕ್ಕೂ ಹೊಂದಾಣಿಕೆ ಇರಬೇಕೆಂಬುದು ನಿರ್ವಹಣಾಶಾಸ್ತ್ರದ ಪ್ರಸಿದ್ಧ ಸೂತ್ರ. 1993ರಲ್ಲಿ ಹೆಂಡರ್‌ಸನ್ ಮತ್ತು ವೆಂಕಟರಾಮನ್ ಎಂಬ ವಿದ್ವಾಂಸರು ಮಂಡಿಸಿದ ಮಾದರಿಯು ಈ ಎರಡು ಕಾರ್ಯತಂತ್ರಗಳೊಡನೆ ಇವೆರಡರ ಒಳರಚನೆಗಳನ್ನೂ ಸೇರಿಸಿ ನಾಲ್ಕು ನೆಲೆಗಳನ್ನು ಗುರುತಿಸುತ್ತದೆ. ಇದನ್ನು ಕುರಿತ ಚರ್ಚೆ ಬಹುಮಟ್ಟಿಗೆ ಮೇಲಧಿಕಾರಿಗಳ ನಡುವಣ ಒಪ್ಪಂದದ ಸುತ್ತಲೇ ನಡೆದಿದೆ. ಹೊಂದಾಣಿಕೆ ಮುರಿಯುವ ಜಾಗ ಮಾತ್ರ ಬಹಳ ಕೆಳಗಿದೆ: ಅಳತೆ, ನಾಣ್ಯ, ನುಡಿಗಳಲ್ಲಿ, ಬರಹಕ್ಕೆ ಇಳಿಯದೆ ಕೆಲಸಗಾರರಲ್ಲೇ ಉಳಿದ ತಿಳಿವಳಿಕೆಯಲ್ಲಿ.

ಅಮೆರಿಕದ ಚಿಲ್ಲರೆ ವ್ಯಾಪಾರ ಸಂಸ್ಥೆಯಾದ ಟಾರ್ಗೆಟ್, 2011ರ ಜನವರಿಯಲ್ಲಿ ಕೆನಡಾದ ಝೆಲ್ಲರ್ಸ್ ಅಂಗಡಿಗಳ ಗುತ್ತಿಗೆಯನ್ನು 182.5 ಕೋಟಿ ಕೆನಡಾ ಡಾಲರಿಗೆ ಪಡೆಯುವುದಾಗಿ ಪ್ರಕಟಿಸಿತು. 2013ರ ಮಾರ್ಚಿಯಲ್ಲಿ ಮೊದಲ ಅಂಗಡಿಗಳು ತೆರೆದವು. ಎರಡೇ ವರ್ಷಗಳ ಈ ಅವಧಿ ವ್ಯಾಪಾರದ ಅವಸರವು ನಿಗದಿಪಡಿಸಿದ್ದು. ತಂತ್ರಜ್ಞಾನ ಅದಕ್ಕೆ ತಲೆಬಾಗಬೇಕಾಯಿತು. ತವರಿನಲ್ಲಿ ವರ್ಷಾನುಗಟ್ಟಲೆ ತಿದ್ದಿ ಬೆಳೆಸಿದ ಗಣಕ ವ್ಯವಸ್ಥೆಗೆ ಕೆನಡಾದ ನಾಣ್ಯವಾಗಲಿ ಫ್ರೆಂಚ್ ಲಿಪಿಚಿಹ್ನೆಗಳಾಗಲಿ ತಿಳಿದಿರಲಿಲ್ಲ. ಅದನ್ನು ಮಾರ್ಪಡಿಸಲು ಸಮಯ ಸಾಲದೆಂದು ಸ್ಯಾಪ್ ಎಂಬ ಸಿದ್ಧ ತಂತ್ರಾಂಶವನ್ನು ಆರಿಸಲಾಯಿತು. ಲೆಕ್ಕಾಚಾರವಾಗಿ ಈ ನಿರ್ಣಯ ಸಮಂಜಸವೇ. ಆದರೆ ಹಳೆಯ ವ್ಯವಸ್ಥೆಯನ್ನು ಅರಿತು ನಡೆಸುತ್ತಿದ್ದವರ ಅನುಭವ, ಜಾನಪದ ಅಧ್ಯಯನ ಮೌಖಿಕ ಪರಂಪರೆ ಎಂದು ಕರೆಯುವ ಬಗೆಯದು, ಗಡಿ ದಾಟಲಿಲ್ಲ.

ಸುಮಾರು 75,000 ಸರಕುಗಳ ವಿವರಗಳನ್ನು ಹೊಸದಾಗಿ ದಾಖಲಿಸಬೇಕಿತ್ತು. ಪ್ರತಿಯೊಂದು ಸರಕಿಗೂ ಉದ್ದ, ಅಗಲ, ಬೆಲೆ, ಒಂದು ಪೆಟ್ಟಿಗೆಯಲ್ಲಿರುವ ಸಂಖ್ಯೆ ಮುಂತಾದ ಹತ್ತಾರು ವಿವರಗಳು. ಸೆಂಟಿಮೀಟರ್ ಇರಬೇಕಾದಲ್ಲಿ ಅಂಗುಲ ಬಂದಿತು, ಉದ್ದದ ಜಾಗದಲ್ಲಿ ಅಗಲ ಕುಳಿತಿತು, ನಾಣ್ಯಗಳು ಅದಲುಬದಲಾದವು. ಗಣಕಕ್ಕೆ ಅಂಗುಲವೂ ಸೆಂಟಿಮೀಟರೂ ಬರಿಯ ಅಂಕಿಗಳೇ. ಪೆಟ್ಟಿಗೆ ಕಪಾಟಿನಲ್ಲಿ ಹಿಡಿಯದಾದಾಗಲೇ ತಪ್ಪು ಕಾಣುವುದು. ಅಮೆರಿಕದಲ್ಲಿ 98-99 ಶೇಕಡಾ ಇದ್ದ ದತ್ತಾಂಶದ ಶುದ್ಧತೆ ಕೆನಡಾದಲ್ಲಿ ಸುಮಾರು 30 ಶೇಕಡಾ ಮಾತ್ರವಿತ್ತೆಂದು 2016ರಲ್ಲಿ ಅಲ್ಲಿನ ಪತ್ರಿಕಾವರದಿ ಬಯಲುಮಾಡಿತು. ಪರಿಣಾಮವಾಗಿ ಉಗ್ರಾಣಗಳು ತುಂಬಿ ತುಳುಕುತ್ತಿದ್ದರೆ ಅಂಗಡಿಯ ಕಪಾಟುಗಳು ಬರಿದಾಗಿದ್ದವು.

ಇನ್ನೊಂದು ಸಂಗತಿ ಇನ್ನೂ ಕುತೂಹಲಕರ. ಸರಕು ಮುಗಿದಾಗ ತಾನಾಗಿಯೇ ಮರುಪೂರೈಕೆ ಮಾಡಿಸುವ ಏರ್ಪಾಡನ್ನು ಕೆಲವು ನೌಕರರು ನಿಲ್ಲಿಸಿಬಿಡುತ್ತಿದ್ದರೆಂದು ಅದೇ ವರದಿ ತಿಳಿಸುತ್ತದೆ. ಹಾಗೆ ಮಾಡಿದರೆ ಆ ಸರಕು ಕೊರತೆಯ ಪಟ್ಟಿಗೆ ಸೇರುತ್ತಿರಲಿಲ್ಲ, ಅವರ ಕೆಲಸದ ಅಂಕ ಕುಸಿಯುತ್ತಿರಲಿಲ್ಲ. ಇದನ್ನು ವಂಚನೆಯೆಂದು ತಳ್ಳಿಹಾಕುವುದು ಸುಲಭ. ನಂಬಲಾಗದ ಯಂತ್ರದೊಡನೆ ಬದುಕಲು ಕೆಳಹಂತದವರು ಕಂಡುಕೊಂಡ ಉಪಾಯವೆಂದು ಓದುವುದೇ ಹೆಚ್ಚು ಸೂಕ್ತ. 2015ರ ಜನವರಿ 15ರಂದು ಕಂಪನಿ ಕೆನಡಾದಿಂದ ಹಿಂದೆಗೆಯುವುದಾಗಿ ಘೋಷಿಸಿದಾಗ 133 ಅಂಗಡಿಗಳಿದ್ದವು. ಸುಮಾರು 17,600 ಮಂದಿಯ ಜೀವನೋಪಾಯ ಅವುಗಳೊಡನೆ ಬೆಸೆದುಕೊಂಡಿತ್ತು.

ಅವಸರವೊಂದನ್ನೇ ಇದಕ್ಕೆ ಕಾರಣವೆನ್ನಲು ಬಾರದು. ಹಲವು ದೇಶಗಳಲ್ಲಿ ಮಳಿಗೆಗಳಿರುವ ಜರ್ಮನಿಯ ಲಿಡ್ಲ್ ಕಂಪನಿ 2011ರಿಂದ ಏಳು ವರ್ಷ ನಿಧಾನವಾಗಿಯೇ ಸ್ಯಾಪ್ ಯೋಜನೆಯನ್ನು ನಡೆಸಿತು. ಆಸ್ಟ್ರಿಯ, ಉತ್ತರ ಐರ್ಲೆಂಡ್, ಅಮೆರಿಕಗಳಲ್ಲಿ ಅದನ್ನು ಬಳಕೆಗೂ ತಂದಿತು. ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಹಾಕುವುದು ಲಿಡ್ಲ್‌ನ ರೂಢಿ. ಮಾರುವ ಬೆಲೆಯಲ್ಲಿ ಹಾಕುವುದು ತಂತ್ರಾಂಶದ ಕ್ರಮ. ಕಂಪನಿ ತನ್ನ ರೂಢಿಯನ್ನು ಬಿಡಲೊಲ್ಲದೆ ತಂತ್ರಾಂಶವನ್ನೇ ತಿದ್ದುತ್ತ ಹೋಯಿತು. ಸುಮಾರು 50 ಕೋಟಿ ಯೂರೊ ವ್ಯಯವಾಯಿತೆಂದು ವರದಿಯಾದ ಈ ಯೋಜನೆಯನ್ನು 2018ರಲ್ಲಿ ಕೈಬಿಟ್ಟು, ತನ್ನ ಹಳೆಯ ವ್ಯವಸ್ಥೆಯನ್ನೇ ಬೆಳೆಸಲು ಅದು ನಿರ್ಧರಿಸಿತು.