ಹಬಲ್‌ನ ಕನ್ನಡಿಗೆ ದೃಷ್ಟಿದೋಷ

ಮನೆಯ ಕನ್ನಡಿಗೆ ಪೆನ್ಸಿಲಿನ ಮೊನೆ ತಾಗಿಸಿ ನೋಡಿ. ಮೊನೆಗೂ ಅದರ ಬಿಂಬಕ್ಕೂ ನಡುವೆ ಸಣ್ಣದೊಂದು ಸಂದು ಕಾಣುತ್ತದೆ. ಬೆಳಕನ್ನು ಹಿಂದಿರುಗಿಸುವ ಲೋಹದ ಲೇಪ ಗಾಜಿನ ಹಿಂಬದಿಯಲ್ಲಿರುವುದೇ ಇದಕ್ಕೆ ಕಾರಣ. ತಲೆ ಬಾಚಿಕೊಳ್ಳಲು ಇದು ಅಡ್ಡಿಯಲ್ಲ, ನಕ್ಷತ್ರ ನೋಡಲು ಮಾತ್ರ ನಡೆಯದು. ಹಾಗಾಗಿ ದೂರದರ್ಶಕದ ಕನ್ನಡಿಗಳಿಗೆ ಲೇಪ ಬಳಿಯುವುದು ಮುಂಬದಿಗೆ. ಗಾಜಿನ ಕೆಲಸವೇನಿದ್ದರೂ ಆಕಾರವನ್ನು ಹಿಡಿದಿಡುವುದಷ್ಟೇ.

ಆ ಆಕಾರದಲ್ಲೇ ಇರುವುದು ಎಲ್ಲ ಕಷ್ಟ. ಗೋಳದಿಂದ ಕತ್ತರಿಸಿದ ತುಣುಕಿನಂತೆ ಬಾಗಿರುವ ನಿಮ್ನ ದರ್ಪಣದ ಅಂಚಿಗೆ ಬಿದ್ದ ಕಿರಣಗಳು ಹತ್ತಿರದಲ್ಲಿ ಕೂಡಿದರೆ, ನಡುವಿಗೆ ಬಿದ್ದವು ತುಸು ದೂರದಲ್ಲಿ ಕೂಡುತ್ತವೆ. ಚುಕ್ಕಿಯಾಗಬೇಕಿದ್ದ ನಕ್ಷತ್ರ ಮಬ್ಬಾಗಿ ಹರಡಿಕೊಳ್ಳುತ್ತದೆ. ಇದು ಗೋಳೀಯ ವಿಪಥನ. ಶಾಲೆಯ ಪುಸ್ತಕದ ಚಿತ್ರದಲ್ಲಿ ಕಿರಣಗಳೆಲ್ಲ ಶಿಸ್ತಾಗಿ ಸಂಗಮ ಬಿಂದುವಿಗೆ ಬರುತ್ತವಲ್ಲ, ಅದು ಅಗಲ ಕಡಿಮೆಯಿರುವ ಕನ್ನಡಿಯ ಮಾತು. ದೊಡ್ಡ ಕನ್ನಡಿಯನ್ನು ಪರವಲಯಕ್ಕೋ ಅತಿಪರವಲಯಕ್ಕೋ ಹೊಂದುವಂತೆ ಉಜ್ಜಿ ಉಜ್ಜಿ ತಿದ್ದಬೇಕು. ಕಾವಲೂರಿನ ವೇಣು ಬಾಪು ದೂರದರ್ಶಕದ 2.34 ಮೀಟರ್ ಕನ್ನಡಿಯನ್ನು ಹೀಗೆ ಉಜ್ಜಿ ರೂಪಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲೇ.

ಹಬಲ್ ಬಾಹ್ಯಾಕಾಶ ದೂರದರ್ಶಕದ ಕನ್ನಡಿ ಇದಕ್ಕಿಂತ ಸ್ವಲ್ಪವೇ ದೊಡ್ಡದು, 2.4 ಮೀಟರ್. ಅಮೆರಿಕದ ಪರ್ಕಿನ್ ಎಲ್ಮರ್ ಕಂಪನಿ ಅದಕ್ಕೆ ಕೊಟ್ಟ ನಯ ಅಸಾಮಾನ್ಯವಾದದ್ದು. 1990ರ ಏಪ್ರಿಲ್‌ನಲ್ಲಿ ದೂರದರ್ಶಕ ಮೇಲೇರಿತು. ಮೊದಲ ಚಿತ್ರಗಳು ಬಂದಾಗ ನಕ್ಷತ್ರಗಳ ಸುತ್ತ ಮಂಜು ಕವಿದಂತಿತ್ತು. ಬೆಳಕಿನ ಶೇ. 70ರಷ್ಟು ಪುಟ್ಟ ಚುಕ್ಕಿಯೊಳಗೆ ಬೀಳಬೇಕಿತ್ತು, ಬಿದ್ದದ್ದು ಸುಮಾರು ಶೇ. 15. ಕನ್ನಡಿಯ ಅಂಚು ಇರಬೇಕಾದದ್ದಕ್ಕಿಂತ 2.2 ಮೈಕ್ರೋಮೀಟರ್ ಚಪ್ಪಟೆಯಾಗಿತ್ತು. ತಲೆಗೂದಲನ್ನು ಉದ್ದುದ್ದ ಐವತ್ತು ಪದರ ಸೀಳಿದರೆ ಒಂದು ಪದರ ಎಷ್ಟು ದಪ್ಪವಿದ್ದೀತೋ ಅಷ್ಟು!

ತಪ್ಪಿದ್ದು ಉಜ್ಜುವವರ ಕೈಯಲ್ಲ, ಅಳತೆಗೋಲು. ಕನ್ನಡಿಯ ಆಕಾರವನ್ನು ಪರೀಕ್ಷಿಸುವ ಸಾಧನದಲ್ಲಿ ಒಂದು ಮಸೂರವನ್ನು ನಿಗದಿತ ದೂರದಲ್ಲಿ ಕೂರಿಸಬೇಕಿತ್ತು. ಆ ದೂರ ಗುರುತಿಸಲು ಒಂದು ಲೋಹದ ಕಡ್ಡಿ, ಕಡ್ಡಿಯ ತುದಿಗೆ ನಡುವೆ ತೂತಿರುವ ಮುಚ್ಚಳ. ಲೇಸರ್ ಬೆಳಕು ತೂತಿನೊಳಗೆ ಹೋಗಿ ಕಡ್ಡಿಯ ತುದಿಯಿಂದ ಮರಳಬೇಕು, ಮುಚ್ಚಳದಿಂದ ಮರಳಬಾರದು. ಅದಕ್ಕೆಂದೇ ಮುಚ್ಚಳಕ್ಕೆ ಬೆಳಕು ಪ್ರತಿಫಲಿಸದ ಬಣ್ಣ ಬಳಿದಿದ್ದರು. ಆ ಬಣ್ಣ ಒಂದು ಕಡೆ ಚಕ್ಕೆ ಎದ್ದಿತ್ತು. ಬೆಳಕು ಅಲ್ಲಿಂದಲೇ ಮರಳಿತು, ಮಸೂರ 1.3 ಮಿಲಿಮೀಟರ್ ಆಚೀಚೆಯಾಯಿತು. ತಪ್ಪು ಅಳತೆಗೆ ಸರಿಯಾಗಿ ಕನ್ನಡಿ ಅತ್ಯಂತ ನಿಷ್ಠೆಯಿಂದ ತಯಾರಾಯಿತು.

ನನಗೆ ಬೇಸರ ತರಿಸುವುದು ಈ ಚಕ್ಕೆಯಲ್ಲ. ಇನ್ನೆರಡು ಸರಳ ಸಾಧನಗಳು ಆಗಲೇ ದೋಷವನ್ನು ತೋರಿಸಿದ್ದವು. ಅವು ಅಷ್ಟೊಂದು ನಿಖರವಲ್ಲವೆಂದು ಪಕ್ಕಕ್ಕಿಟ್ಟರು. ದುಬಾರಿ ಉಪಕರಣದ ಮಾತಿಗೇ ಬೆಲೆ ಬಂತು.

ದೋಷವೂ ಅಷ್ಟೇ ನಿಖರವಾಗಿದ್ದದ್ದು ಅದೃಷ್ಟ. ಕನ್ನಡಿ ಎಷ್ಟು ತಪ್ಪಿದೆಯೆಂಬ ಲೆಕ್ಕ ಸಿಕ್ಕಮೇಲೆ, ಅಷ್ಟೇ ಪ್ರಮಾಣದಲ್ಲಿ ತದ್ವಿರುದ್ಧವಾಗಿ ತಪ್ಪಿದ ಪುಟ್ಟ ಕನ್ನಡಿಗಳನ್ನು ಬೆಳಕಿನ ಹಾದಿಯಲ್ಲಿಟ್ಟರಾಯಿತು. ಅವನ್ನು ಒಳಗೆ ಇಳಿಬಿಡುವುದು ಹೇಗೆ? ಜರ್ಮನಿಯ ಹೋಟೆಲೊಂದರ ಸ್ನಾನದ ಮನೆಯಲ್ಲಿ, ಸರಳಿನ ಮೇಲೆ ಜಾರಿ ಬೇಕಾದಂತೆ ಮಡಚುವ ಷವರ್ ಕಂಡು ಎಂಜಿನಿಯರ್ ಜಿಮ್ ಕ್ರಾಕರ್‌ಗೆ ಉಪಾಯ ಹೊಳೆಯಿತು. ಹಾಗೆಯೇ ಚಾಚಿಕೊಳ್ಳುವ ತೋಳುಗಳ ಮೇಲೆ ಕನ್ನಡಿಗಳು ಕೂತವು. 1993ರ ಡಿಸೆಂಬರ್‌ನಲ್ಲಿ ಎಂಡೆವರ್ ನೌಕೆಯ ಗಗನಯಾತ್ರಿಗಳು ಐದು ಬಾರಿ ಹೊರಗಿಳಿದು ರಿಪೇರಿ ಮುಗಿಸಿದರು. ಆಗ ಅವರು ಜೋಡಿಸಿದ ಹೊಸ ಕ್ಯಾಮೆರಾದೊಳಗೂ ಇದೇ ತಿದ್ದುಪಡಿ ಇತ್ತು. ಮುಂದೆ ಬಂದ ಉಪಕರಣಗಳೆಲ್ಲ ತಮ್ಮ ತಿದ್ದುಪಡಿಯನ್ನು ತಾವೇ ಹೊತ್ತು ತಂದದ್ದರಿಂದ 2009ರಲ್ಲಿ ಆ ತೋಳುಗಳ ಪೆಟ್ಟಿಗೆಯನ್ನು ಕಳಚಿ ತಂದರು. ಮುಖ್ಯ ಕನ್ನಡಿಯನ್ನು ಯಾರೂ ಬದಲಿಸಿಲ್ಲ. ಹಬಲ್ ಇಂದಿಗೂ ಆಕಾಶ ನೋಡುತ್ತಿರುವುದು ಅದೇ ತಪ್ಪು ಕನ್ನಡಿಯಿಂದ.