ಅಚ್ಚುಮೊಳೆಗೆ ಎಂಥ ಸೀಸ?

ತಮಿಳುನಾಡಿನ ತಾಳವಾಡಿ ಬೆಟ್ಟದ ಜೀರಹಳ್ಳಿಯ ಕಡೆ ಮನೆಮಾತು ಕನ್ನಡ, ಸುತ್ತಲಿನ ಕಾಡು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ್ದು. ಅಂಥ ಊರಲ್ಲಿ ಕೋವಿಗೆ ಗುಂಡು ಎರಕ ಹೊಯ್ಯುವ ಮಾತೆತ್ತಿದರೆ ಅದು ಬರೀ ಲೋಹದ ಮಾತಾಗಿ ಉಳಿಯುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದೇ ಅಪರಾಧ. ಆದರೆ ಗುಂಡಿಗೆ ಬೇಕಾಗುವ ಸೀಸ, ತವರ, ಆಂಟಿಮನಿ ಈ ಮೂರೇ ಕನ್ನಡದ ಅಚ್ಚುಮೊಳೆಗೂ ಬೇಕು. ಎರಕದ ಲೋಹವನ್ನು ಆರಿಸುವ ಬಗೆ ತಿಳಿಯಲು ಅಚ್ಚುಕೂಟಕ್ಕಿಂತ ಒಳ್ಳೆಯ ಜಾಗವಿಲ್ಲ.

1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ‘ಮಂಗಳೂರ ಸಮಾಚಾರ’ವನ್ನು ಶುರುಮಾಡಿದ್ದು ಕಲ್ಲಚ್ಚಿನಲ್ಲಿ. ಅದೇ ಮಿಷನ್ 1894ರಲ್ಲಿ ಹೊರತಂದ ಕಿಟ್ಟೆಲ್ ನಿಘಂಟು 1,700ಕ್ಕೂ ಹೆಚ್ಚು ಪುಟದ್ದು, ಮೊಳೆ ಜೋಡಿಸಿ ಅಚ್ಚಾದದ್ದು. ಅಷ್ಟು ಪುಟಗಳ ಒತ್ತು, ತಲೆಕಟ್ಟು, ಕೊಂಬು ಒಂದೂ ಮಾಸದೆ ಕಾಗದಕ್ಕೆ ಬರಬೇಕಾದರೆ ಮೊಳೆಯ ಲೋಹ ಎಂಥದ್ದಿರಬೇಕು?

ಬರೀ ಸೀಸ ಸಾಲದು. 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅಗ್ಗ, ಹೊಯ್ಯುವುದು ಸುಲಭ, ಎಲ್ಲ ನಿಜ. ಆದರೆ ಉಗುರಿನಿಂದ ಗೀರಿದರೆ ಗೆರೆ ಬೀಳುವಷ್ಟು ಮೆದು. ಗಟ್ಟಿಯಾಗುವಾಗ ಕುಗ್ಗುವುದರಿಂದ ಅಚ್ಚಿನ ಮೂಲೆಗಳಿಂದ ಹಿಂದೆ ಸರಿಯುತ್ತದೆ, ಅಕ್ಷರದ ಅಂಚು ಮೊಂಡಾಗುತ್ತದೆ. ಇಲ್ಲಿ ಕೈಹಿಡಿಯುವುದು ಆಂಟಿಮನಿ. ಹೆಚ್ಚಿನ ಲೋಹಗಳಿಗೆ ವಿರುದ್ಧವಾಗಿ ಅದು ಗಟ್ಟಿಯಾಗುವಾಗ ತುಸು ಹಿಗ್ಗುತ್ತದೆ. ಹಾಗಾಗಿ ಮಿಶ್ರಣದ ಕುಗ್ಗುವಿಕೆ ತಗ್ಗುತ್ತದೆ, ಗಡಸೂ ಬರುತ್ತದೆ. ಆದರೆ ಆಂಟಿಮನಿ ಹೆಚ್ಚಾದಷ್ಟೂ ಮೊಳೆ ಪೆಡಸಾಗಿ, ಕೆಳಗೆ ಬಿದ್ದರೆ ಚಕ್ಕೆ ಏಳುತ್ತದೆ. ತವರ ಆ ಪೆಡಸನ್ನು ತಗ್ಗಿಸುತ್ತದೆ. ಕರಗಿದ ಲೋಹ ಸಲೀಸಾಗಿ ಹರಿದು ಸಣ್ಣ ಸಂದಿಗೂ ಇಳಿಯುವುದು ತವರದಿಂದಲೇ. ಮೂರರಲ್ಲಿ ಬಹುಕಾಲ ದುಬಾರಿಯಾಗಿದ್ದದ್ದೂ ಅದೇ.

ಎಷ್ಟೆಷ್ಟು ಹಾಕಬೇಕು ಎಂಬುದು ಎರಕದ ತುಂಡು ಮುಂದೆ ಏನೇನು ತಾಳಬೇಕು ಎಂಬುದರ ಮೇಲೆ ನಿಂತಿದೆ. ಲೈನೋಟೈಪ್ ಯಂತ್ರದಲ್ಲಿ ಎರಕ ಹೊಯ್ದ ಒಂದು ಸಾಲು ಒಂದು ಕೆಲಸಕ್ಕೆ ಬಂದು ಮತ್ತೆ ಕುಲುಮೆ ಸೇರುತ್ತದೆ. ಅದಕ್ಕೆ ನೂರಕ್ಕೆ 84 ಸೀಸ, 12 ಆಂಟಿಮನಿ, 4 ತವರ ಸಾಕು. ಈ ಪ್ರಮಾಣದ ಮಿಶ್ರಣ ಸುಮಾರು 240 ಡಿಗ್ರಿಗೇ ಕರಗಿ, ನಡುವೆ ಅರೆಗಟ್ಟಿಯಾಗಿ ನಿಲ್ಲದೆ ಒಮ್ಮೆಲೇ ಗಟ್ಟಿಯಾಗುತ್ತದೆ. ಯಂತ್ರದ ವೇಗಕ್ಕೆ ಬೇಕಾದದ್ದೂ ಅದೇ. ಕೈಯಿಂದ ಜೋಡಿಸುವ ಮೊಳೆಯ ಬಾಳು ಬೇರೆ. ಅದು ಪೆಟ್ಟಿಗೆಯಿಂದ ಮೊಳೆ ಜೋಡಿಸುವ ಸ್ಟಿಕ್ಕಿಗೆ, ಸ್ಟಿಕ್ಕಿನಿಂದ ಅಚ್ಚೊತ್ತುವ ಟ್ರೆಡಲ್‌ಗೆ, ಮತ್ತೆ ಪೆಟ್ಟಿಗೆಗೆ ವರ್ಷಗಟ್ಟಲೆ ಓಡಾಡಬೇಕು. ಆದ್ದರಿಂದ ಫೌಂಡ್ರಿಯ ಮೊಳೆಗೆ ಆಂಟಿಮನಿ ಸುಮಾರು 25ರವರೆಗೂ ಹೋಗುತ್ತದೆ, ತವರವೂ ಹತ್ತು ದಾಟುತ್ತದೆ. ಗುಂಡಿನ ಲೆಕ್ಕವೇ ಬೇರೆ. ಅದು ಹೊಡೆಯುವುದು ಒಂದೇ ಸಲ, ನಳಿಗೆಯ ಒಳಗಿನ ತಿರುಪು ಗೆರೆಗಳಿಗೆ ಕಚ್ಚಿಕೊಳ್ಳುವಷ್ಟು ಮೆದುವೂ ಇರಬೇಕು. ಗಡಸಾದಷ್ಟೂ ಒಳ್ಳೆಯದು ಎಂಬ ಮಾತು ಅದಕ್ಕೆ ಸಲ್ಲದು. ಮೊಳೆಗೆ ಮಾತ್ರ ಬಹುಮಟ್ಟಿಗೆ ಸಲ್ಲುತ್ತದೆ, ಕನ್ನಡದ ಮೊಳೆಗಂತೂ ಇನ್ನೂ ಹೆಚ್ಚು. ‘ಸ್ತ್ರೀ’ ಬರೆದು ನೋಡಿ: ಒಂದೇ ಅಕ್ಷರದ ಕೆಳಗೆ ಎರಡು ಒತ್ತು, ಮೇಲೆ ಗುಡಿಸು. ಅಷ್ಟು ಸಣ್ಣ ಬಳುಕು ಮೆದು ಲೋಹದಲ್ಲಿದ್ದರೆ ಟ್ರೆಡಲ್ಲಿನ ಒತ್ತಡಕ್ಕೆ ಬೇಗ ಚಪ್ಪಟೆಯಾಗುತ್ತದೆ.

ಹಳೆಯ ಲೋಹ ಕೈಗೆ ಬಂದರೆ ಮೊದಲು ಉಗುರಿನಿಂದ ಗೀರಿ, ಆಮೇಲೆ ಕಲ್ಲಿನ ಮೇಲೆ ತಟ್ಟಿ. ಸೀಸ ಮಂಕಾಗಿ ಸದ್ದು ಮಾಡುತ್ತದೆ, ಮೊಳೆಯ ಲೋಹಕ್ಕೆ ಟಣ್ ಎನ್ನುವ ದನಿ ಇದೆ. ಮತ್ತೆ ಮತ್ತೆ ಕರಗಿಸಿದ ಲೋಹ ಸತ್ವ ಕಳೆದುಕೊಳ್ಳುವುದು ಮೇಲೆ ಕಟ್ಟುವ ಕಿಟ್ಟದಿಂದ. ತವರವೂ ಆಂಟಿಮನಿಯೂ ಗಾಳಿಗೆ ಸುಟ್ಟು ಅದರಲ್ಲಿ ಸೇರಿಕೊಳ್ಳುತ್ತವೆ. ಕಿಟ್ಟವನ್ನು ಕೂಡಲೇ ಬಾಚಿ ಎಸೆಯುವುದೆಂದರೆ ತವರವನ್ನೇ ಎಸೆದಂತೆ. ಒಂದು ಚೂರು ಮೇಣ ಹಾಕಿ ಕದಡಿದರೆ ಬಹುಪಾಲು ಮತ್ತೆ ಲೋಹಕ್ಕೆ ಇಳಿಯುತ್ತದೆ, ಉಳಿದ ಒಣ ಪುಡಿಯನ್ನಷ್ಟೇ ತೆಗೆಯಬೇಕು.

ಸತುವನ್ನು ಹತ್ತಿರ ಸೇರಿಸಬಾರದು. ಗಾಡಿ ಚಕ್ರಕ್ಕೆ ಬಡಿಯುವ ಈಚಿನ ತೂಕದ ತುಂಡುಗಳಲ್ಲಿ ಅನೇಕವು ಸತುವಿನವು. ಅದು ಸೇರಿದ ಲೋಹ ಗಂಟುಗಟ್ಟಿದ ಅಂಬಲಿಯ ಹಾಗೆ ಆಗಿ ಅಚ್ಚು ತುಂಬುವುದೇ ಇಲ್ಲ. ಸತು ಕರಗುವುದು 419 ಡಿಗ್ರಿಗೆ. ಕುಲುಮೆಯ ಬಿಸಿ ಅದಕ್ಕಿಂತ ಕೆಳಗಿದ್ದರೆ ಸತುವಿನ ತುಂಡು ಕರಗದೆ ಮೇಲೆ ತೇಲುತ್ತದೆ, ಎತ್ತಿ ಬಿಸಾಡಬಹುದು.

ವಾಹನದ ಹಳೆ ಬ್ಯಾಟರಿಯ ಸೀಸವನ್ನು ಮಾತ್ರ ಮನೆಯಲ್ಲಾಗಲಿ ಪ್ರೆಸ್ಸಿನಲ್ಲಾಗಲಿ ಕರಗಿಸಲೇಬೇಡಿ. ಫಲಕದಲ್ಲಿ ಆರ್ಸೆನಿಕ್, ಆಂಟಿಮನಿ ಇರುತ್ತವೆ. ಅವುಗಳ ಕಿಟ್ಟಕ್ಕೆ ತೇವ ತಾಗಿದರೆ ಕೊಲ್ಲುವಂಥ ವಿಷಾನಿಲ ಹುಟ್ಟಬಹುದು. ಕರಗಿದ ಯಾವುದೇ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಆವಿಯಾಗಿ ಸಿಡಿದು ಲೋಹವನ್ನು ಮುಖಕ್ಕೆ ಎರಚುತ್ತದೆ. ಕಿಟ್ಟದ ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣದು, ಕೈಯಿಂದ ಊಟಕ್ಕೆ, ಬಟ್ಟೆಯಿಂದ ಮಕ್ಕಳಿಗೆ ಹೋಗುತ್ತದೆ. ಎರಕದ ಪಾತ್ರೆ ಅಡುಗೆಮನೆಗೆ ಹಿಂತಿರುಗಬಾರದು, ಕೆಲಸದ ಅಂಗಿಯನ್ನು ಮನೆಯ ಬಟ್ಟೆಯ ಜೊತೆ ಒಗೆಯಬಾರದು.