ತಲೆಯ ಮೇಲೆ ಕಾಂತದ ಸುರುಳಿ ಹಿಡಿದರೆ ಹೆಬ್ಬೆರಳು ಜಿಗಿಯುವುದೇಕೆ?

ಅಂಗಿಯ ಗುಂಡಿ ಹಾಕಲು ಬೆರಳು ಮಾತು ಕೇಳುತ್ತಿಲ್ಲ ಎಂದಾಗ ತೊಂದರೆ ಕೈಯಲ್ಲೇ ಇದೆ ಎಂದು ನಮಗನ್ನಿಸುತ್ತದೆ. ಆದರೆ ಮಿದುಳಿನಿಂದ ಹೊರಟ ಆಜ್ಞೆ ಬೆನ್ನುಹುರಿಯಲ್ಲಿ ಇಳಿದು, ನರ ಹಿಡಿದು ಸ್ನಾಯು ಮುಟ್ಟಬೇಕು. ಈ ದಾರಿಯಲ್ಲಿ ಅಡಚಣೆ ಎಲ್ಲಿ ಬೇಕಾದರೂ ಇರಬಹುದು. ಕೈಯ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಅದರ ವೇಗ ಅಳೆಯುವುದು ಸುಲಭ. ಮಿದುಳು, ಬೆನ್ನುಹುರಿಗಳಾದರೋ ಮೂಳೆಯೊಳಗೆ ಅಡಗಿವೆ.

1980ರಲ್ಲಿ ಬ್ರಿಟನ್ನಿನ ಮರ್ಟನ್ ಮತ್ತು ಮಾರ್ಟನ್ ತಲೆಯ ಹೊರಗಿನಿಂದಲೇ ವಿದ್ಯುತ್ ಹಾಯಿಸಿ ಸ್ನಾಯು ಅಲುಗುವಂತೆ ಮಾಡಿದರು. ಆದರೆ ಅದು ನೋವಿನ ಕೆಲಸ. 1985ರಲ್ಲಿ ಶೆಫೀಲ್ಡ್‌ನ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ವಿದ್ಯುತ್ತಿನ ಬದಲು ಕಾಂತಕ್ಷೇತ್ರ ಬಳಸಿದರು. ತಾಮ್ರದ ತಂತಿಯ ಸುರುಳಿಯಲ್ಲಿ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಭಾರಿ ಕರೆಂಟ್ ಹರಿಸಿದರೆ ಕಾಂತಕ್ಷೇತ್ರ ಥಟ್ಟನೆ ಎದ್ದು ಇಳಿಯುತ್ತದೆ. ಅದಕ್ಕೆ ತಲೆಬುರುಡೆ ಅಡ್ಡಿಯಲ್ಲ. ಹೀಗೆ ಬದಲಾಗುವ ಕಾಂತಕ್ಷೇತ್ರವು ಮಿದುಳಿನ ಹೊರಪದರದಲ್ಲಿ ವಿದ್ಯುತ್ ಹುಟ್ಟಿಸಿ ನರಕೋಶಗಳನ್ನು ಎಬ್ಬಿಸುತ್ತದೆ. ಇದು 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವ. ಇಂಡಕ್ಷನ್ ಸ್ಟವ್ ಮೇಲೆ ಪಾತ್ರೆ ಕಾಯುವುದೂ ಇದರಿಂದಲೇ. (ತಲೆಬಿಸಿ ಬೇಡ, ಇಲ್ಲಿ ತಲೆ ಕಾಯುವುದಿಲ್ಲ.)

ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್, ಚಿಕ್ಕದಾಗಿ ಟಿಎಂಎಸ್, ಎನ್ನುವುದು ಇದನ್ನೇ. ಪರೀಕ್ಷೆಯಲ್ಲಿ ಹೆಬ್ಬೆರಳಿನ ಬುಡದ ಸ್ನಾಯುವಿಗೆ ಎಲೆಕ್ಟ್ರೋಡ್ ಅಂಟಿಸಿ, ಸುರುಳಿಯನ್ನು ತಲೆಯ ಮೇಲೆ ಹಿಡಿಯುತ್ತಾರೆ. 'ಟಕ್' ಎಂಬ ಸದ್ದಿನೊಂದಿಗೆ ಬೆರಳು ಜಿಗಿಯುತ್ತದೆ. ಆರೋಗ್ಯವಂತರಲ್ಲಿ ಇದಕ್ಕೆ ಹಿಡಿಯುವ ಹೊತ್ತು ಸುಮಾರು 20 ಮಿಲಿಸೆಕೆಂಡು. ಎತ್ತರದವರಲ್ಲಿ ತುಸು ಹೆಚ್ಚು. ಬಳಿಕ ಸುರುಳಿಯನ್ನು ಕುತ್ತಿಗೆಯ ಹಿಂದೆ ಹಿಡಿದು, ಅಲ್ಲಿಂದ ಬೆರಳಿಗೆ ತಗಲುವ ಹೊತ್ತನ್ನು ಅಳೆಯುತ್ತಾರೆ. ಮೊದಲಿನದರಿಂದ ಇದನ್ನು ಕಳೆದರೆ ಉಳಿಯುವ ಆರೇಳು ಮಿಲಿಸೆಕೆಂಡು ಮಿದುಳು ಮತ್ತು ಬೆನ್ನುಹುರಿಯ ದಾರಿಯದ್ದು. ವೈದ್ಯರಿಗೆ ಬೇಕಿರುವುದು ಈ ಲೆಕ್ಕ.

ಮಲ್ಟಿಪಲ್ ಸ್ಕ್ಲಿರೋಸಿಸ್‌ನಲ್ಲಿ ನರತಂತುವಿನ ಹೊದಿಕೆ ಹಾಳಾಗುವುದರಿಂದ ಈ ಹೊತ್ತು ಉದ್ದವಾಗುತ್ತದೆ. ಎಎಲ್‌ಎಸ್‌ನಲ್ಲಿ ಉತ್ತರ ಕ್ಷೀಣಿಸಬಹುದು, ಬಾರದೆಯೂ ಇರಬಹುದು. ನಮಗೆ ಹೆಚ್ಚು ಮುಖ್ಯವೆನಿಸಿದ್ದು ಕುತ್ತಿಗೆಯ ಸವೆತ. ವಯಸ್ಸಾದ ಎಷ್ಟೋ ಜನರ ಎಂಆರ್‌ಐನಲ್ಲಿ ಡಿಸ್ಕ್ ಬೆನ್ನುಹುರಿಗೆ ತಾಗಿದಂತೆ ಕಂಡರೂ ಅವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಎಂಆರ್‌ಐ ಆಕಾರ ತೋರಿಸುತ್ತದೆ. ಒಳಗೆ ಸಂದೇಶ ನಿಧಾನವಾಗಿದೆಯೇ ಎಂಬುದನ್ನು ಹೇಳುವುದು ಟಿಎಂಎಸ್. ಆಪರೇಷನ್ ಬೇಕೇ ಎಂದು ಯೋಚಿಸುವಾಗ ಈ ಸುಳಿವು ನೆರವಾಗುತ್ತದೆ.

ದೌರ್ಬಲ್ಯವಿದ್ದೂ ಫಲಿತಾಂಶ ಸರಿಯಾಗಿಯೇ ಬರುವವರೂ ಇದ್ದಾರೆ. 'ಹಾಗಾದರೆ ಇದು ನಾಟಕ' ಎಂದು ಮನೆಯವರು ತೀರ್ಮಾನಿಸಬಾರದು. ಸಮಸ್ಯೆ ಬೇರೆಡೆ ಇರಬಹುದು, ಅಥವಾ ದಾರಿ ಗಟ್ಟಿಯಿದ್ದೂ ಅದನ್ನು ಬಳಸುವಲ್ಲಿ ಮಿದುಳು ಎಡವುತ್ತಿರಬಹುದು. ಅದೂ ಚಿಕಿತ್ಸೆಯಿರುವ ನಿಜವಾದ ಕಾಯಿಲೆ. ಈ ಪರೀಕ್ಷೆಯೊಂದೇ ರೋಗದ ಹೆಸರು ಹೇಳಲಾರದು.

ಅಯಸ್ಕಾಂತ ರಕ್ತದ ಕಬ್ಬಿಣವನ್ನು ಸೆಳೆಯುತ್ತದೆಂಬ ಭಯ ಬೇಡ. ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ ಮೊಳೆಯಂತೆ ಅಂಟುವಂಥದ್ದಲ್ಲ. ಇದು 'ಶಾಕ್ ಟ್ರೀಟ್‌ಮೆಂಟ್' ಕೂಡ ಅಲ್ಲ. ಅರಿವಳಿಕೆ ಕೊಡುವುದಿಲ್ಲ, ಎಚ್ಚರವಾಗಿಯೇ ಕುಳಿತಿರುತ್ತೀರಿ. ನರಬೇನೆಗೆಂದು ಮಾರುವ ಕಾಂತದ ಬಳೆಗಳಿಗೂ ಇದಕ್ಕೂ ಸಂಬಂಧವಿಲ್ಲ, ಆ ಬಳೆಯ ಕ್ಷೇತ್ರ ದುರ್ಬಲ, ಬದಲಾಗುವುದೂ ಇಲ್ಲ. ಆದರೆ ತಲೆಯಲ್ಲಿ ಲೋಹದ ಕ್ಲಿಪ್, ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಅಥವಾ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಹಿಂದೆ ಫಿಟ್ಸ್ ಬಂದಿದ್ದರೆ, ಪರೀಕ್ಷೆಗೆ ಕೂರುವ ಮೊದಲೇ ವೈದ್ಯರಿಗೆ ತಿಳಿಸಿ.